ಬಕ್ ಕನ್ವರ್ಟರ್‌ನಲ್ಲಿ ಕರೆಂಟ್ ಸೆನ್ಸಿಂಗ್ ಮತ್ತು ಸ್ಲೋಪ್ ಕಾಂಪೆನ್ಸೇಶನ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಕ್ ಕನ್ವರ್ಟರ್ ಎಂದರೆ ಸ್ವಿಚ್ಚನ್ನು ವೇಗವಾಗಿ ಆನ್-ಆಫ್ ಮಾಡಿ, ಇಂಡಕ್ಟರ್ ಮೂಲಕ ಡಿಸಿ ವೋಲ್ಟೇಜನ್ನು ಇಳಿಸುವ ಸರ್ಕ್ಯೂಟ್. ಲೆಕ್ಕ ಬೇಕಾದ ಕಡೆಯೆಲ್ಲ ಒಂದೇ ಮಾದರಿ ಸರ್ಕ್ಯೂಟನ್ನು ಬಳಸಿದ್ದೇವೆ: ಇನ್‌ಪುಟ್ 7ರಿಂದ 12 ವೋಲ್ಟ್, ಔಟ್‌ಪುಟ್ 5 ವೋಲ್ಟ್, ಲೋಡ್ 3 ಆಂಪಿಯರ್, ಸ್ವಿಚಿಂಗ್ 500 ಕಿಲೋಹರ್ಟ್ಸ್ (ಒಂದು ಸೈಕಲ್‌ಗೆ 2 ಮೈಕ್ರೋಸೆಕೆಂಡ್), ಇಂಡಕ್ಟರ್ 6.8 ಮೈಕ್ರೋಹೆನ್ರಿ. ನಿಮ್ಮ ಅಂಕಿಗಳನ್ನು ಅದೇ ಜಾಗಕ್ಕೆ ಹಾಕಿದರೆ ಲೆಕ್ಕ ನಿಮ್ಮದಾಗುತ್ತದೆ.

## ಬುನಾದಿ

ಔಟ್‌ಪುಟ್ ವೋಲ್ಟೇಜ್ ಒಂದನ್ನೇ ನೋಡಿಕೊಂಡರೆ ಸಾಲದೇ? ಕರೆಂಟನ್ನೂ ಯಾಕೆ ಅಳೆಯಬೇಕು?

ಸಾಲುತ್ತದೆ. ವೋಲ್ಟೇಜ್ ಮೋಡ್ ಕನ್ವರ್ಟರ್‌ಗಳು ಹಾಗೆಯೇ ಕೆಲಸ ಮಾಡುತ್ತವೆ. ಆದರೆ ಆಗ ಇಂಡಕ್ಟರ್ ಮತ್ತು ಔಟ್‌ಪುಟ್ ಕೆಪಾಸಿಟರ್ ಸೇರಿ ಒಂದು ಜೋಡಿ ಪೋಲ್ (ಫ್ರೀಕ್ವೆನ್ಸಿ ಏರಿದಂತೆ ಗೇನ್ ಮತ್ತು ಫೇಸ್ ಇಳಿಯತೊಡಗುವ ಬಿಂದು) ಆಗುತ್ತದೆ. ಫೇಸ್ ಅಲ್ಲಿ 180 ಡಿಗ್ರಿಯವರೆಗೆ ಕುಸಿಯುತ್ತದೆ, ಅದನ್ನು ಎತ್ತಿ ನಿಲ್ಲಿಸಲು ಟೈಪ್-3 ಕಾಂಪೆನ್ಸೇಟರ್ (ಲೂಪನ್ನು ಸ್ಥಿರವಾಗಿಡುವ, ಹೆಚ್ಚು ಭಾಗಗಳ ಜಾಲ) ಬೇಕಾಗುತ್ತದೆ. ಇಂಡಕ್ಟರ್ ಕರೆಂಟನ್ನು ಪ್ರತಿ ಸೈಕಲ್‌ನಲ್ಲೂ ನಿಯಂತ್ರಿಸಿದರೆ ಇಂಡಕ್ಟರ್ ಕರೆಂಟ್ ಸೋರ್ಸ್‌ನಂತೆ ವರ್ತಿಸುತ್ತದೆ. ಕಡಿಮೆ ಫ್ರೀಕ್ವೆನ್ಸಿಯಲ್ಲಿ ಉಳಿಯುವುದು ಒಂದೇ ಪೋಲ್, ಅದಕ್ಕೆ ಒಂದು ರೆಸಿಸ್ಟರ್ ಮತ್ತು ಒಂದೆರಡು ಕೆಪಾಸಿಟರ್‌ಗಳ ಟೈಪ್-2 ಸಾಕು. ಜೊತೆಗೆ ಸೈಕಲ್ ಸೈಕಲ್‌ಗೂ ಕರೆಂಟ್ ಮಿತಿ ಸಿಗುತ್ತದೆ, ಇನ್‌ಪುಟ್ ಏರಿಳಿತಕ್ಕೆ ತಕ್ಷಣ ಉತ್ತರ ಸಿಗುತ್ತದೆ, ಹಲವು ಫೇಸ್‌ಗಳನ್ನು (ಸಮಾನಾಂತರ ಕನ್ವರ್ಟರ್‌ಗಳನ್ನು) ಜೋಡಿಸಿದಾಗ ಅವು ಹೊರೆಯನ್ನು ಸಮವಾಗಿ ಹಂಚಿಕೊಳ್ಳುತ್ತವೆ. ಇದಕ್ಕೆ ತೆರುವ ಬೆಲೆ ಎರಡು: ಮಿಲಿವೋಲ್ಟ್‌ಗಳಲ್ಲಿ ಬರುವ ಸಿಗ್ನಲ್ಲನ್ನು ಗದ್ದಲದ ನಡುವೆ ಶುದ್ಧವಾಗಿ ಹಿಡಿಯಬೇಕು, ಮತ್ತು ಸ್ಲೋಪ್ ಕಾಂಪೆನ್ಸೇಶನ್ (ಆಂದೋಲನ ತಡೆಯಲು ಸೇರಿಸುವ, ಸಮನಾಗಿ ಏರುವ ಸಿಗ್ನಲ್) ಕೊಡಬೇಕು.

ಪೀಕ್ ಕರೆಂಟ್ ಮೋಡ್‌ನಲ್ಲಿ ಒಂದು ಸೈಕಲ್ ಹೇಗೆ ನಡೆಯುತ್ತದೆ?

ಕ್ಲಾಕ್ ಬಂದ ಕೂಡಲೇ ಮೇಲಿನ ಸ್ವಿಚ್ ಆನ್ ಆಗುತ್ತದೆ. ಇಂಡಕ್ಟರ್ ಕರೆಂಟ್ ಏರತೊಡಗುತ್ತದೆ; ಏರುವ ದರ = (ಇನ್‌ಪುಟ್ − ಔಟ್‌ಪುಟ್) ÷ ಇಂಡಕ್ಟೆನ್ಸ್. ಅಳೆದ ಸಿಗ್ನಲ್ ಎರರ್ ಆಂಪ್ಲಿಫೈಯರ್ (ಔಟ್‌ಪುಟ್ ಗುರಿಯಿಂದ ಎಷ್ಟು ದೂರ ಎಂದು ನೋಡುವ ಭಾಗ) ಇಟ್ಟ ಮಟ್ಟವನ್ನು ಮುಟ್ಟಿದಾಗ ಕಂಪ್ಯಾರೇಟರ್ ಸ್ವಿಚ್ಚನ್ನು ಆಫ್ ಮಾಡುತ್ತದೆ. ಅಲ್ಲಿಂದ ಮುಂದಿನ ಕ್ಲಾಕ್‌ವರೆಗೆ ಕರೆಂಟ್ ಇಳಿಯುತ್ತದೆ; ಇಳಿಯುವ ದರ = ಔಟ್‌ಪುಟ್ ÷ ಇಂಡಕ್ಟೆನ್ಸ್.

ಮಾದರಿ ಸರ್ಕ್ಯೂಟಿನಲ್ಲಿ ಇಳಿಯುವ ದರ ಮೈಕ್ರೋಸೆಕೆಂಡಿಗೆ 0.735 ಆಂಪಿಯರ್. ಏರುವ ದರ 12 ವೋಲ್ಟ್ ಇನ್‌ಪುಟ್‌ನಲ್ಲಿ 1.03, 7 ವೋಲ್ಟ್‌ನಲ್ಲಿ ಬರೀ 0.294. ಇನ್‌ಪುಟ್ ಬದಲಾದರೂ ಇಳಿಯುವ ದರ ಬದಲಾಗದು ಎಂಬುದನ್ನು ಗಮನಿಸಿ. ಬಕ್‌ನಲ್ಲಿ ಸ್ಲೋಪ್ ಕಾಂಪೆನ್ಸೇಶನ್ ಲೆಕ್ಕ ಸುಲಭವಾಗಿರುವುದು ಇದರಿಂದಲೇ.

ಡ್ಯೂಟಿ (ಸೈಕಲ್‌ನಲ್ಲಿ ಸ್ವಿಚ್ ಆನ್ ಇರುವ ಪಾಲು) ಶೇ. 50 ದಾಟಿದರೆ ಪಲ್ಸ್‌ಗಳು ಒಂದು ಅಗಲ, ಒಂದು ಕಿರಿದು ಆಗುತ್ತವಲ್ಲ, ಅದು ಯಾಕೆ?

ಅದು ಸಬ್‌ಹಾರ್ಮೋನಿಕ್ (ಸ್ವಿಚಿಂಗ್ ಫ್ರೀಕ್ವೆನ್ಸಿಯ ಅರ್ಧದ) ಆಂದೋಲನ. ಸೈಕಲ್‌ನ ಆರಂಭದಲ್ಲಿ ಕರೆಂಟ್ ಇರಬೇಕಾದ್ದಕ್ಕಿಂತ 10 ಮಿಲಿಆಂಪಿಯರ್ ಹೆಚ್ಚಿದೆ ಎಂದುಕೊಳ್ಳಿ. ಪೀಕ್ ಮಟ್ಟ ಬೇಗ ಮುಟ್ಟುತ್ತದೆ, ಆನ್ ಸಮಯ ಕುಗ್ಗುತ್ತದೆ. ಕ್ಲಾಕ್ ಅಂತರ ಸ್ಥಿರವಾಗಿರುವುದರಿಂದ ಕುಗ್ಗಿದ ಅಷ್ಟೂ ಸಮಯ ಆಫ್ ಭಾಗಕ್ಕೆ ಸೇರುತ್ತದೆ. ಸೈಕಲ್ ಮುಗಿಯುವಾಗ ದೋಷದ ಚಿಹ್ನೆ ತಿರುಗಿರುತ್ತದೆ, ಗಾತ್ರ (ಇಳಿಯುವ ದರ ÷ ಏರುವ ದರ) ಪಟ್ಟು ಆಗಿರುತ್ತದೆ. ಈ ಅನುಪಾತ ಅಂದರೆ ಡ್ಯೂಟಿ ÷ (1 − ಡ್ಯೂಟಿ). ಡ್ಯೂಟಿ ಅರ್ಧ ದಾಟಿದರೆ ಅದು 1ನ್ನೂ ದಾಟುತ್ತದೆ.

7 ವೋಲ್ಟ್ ಇನ್‌ಪುಟ್‌ನಲ್ಲಿ ಡ್ಯೂಟಿ 0.714, ಅನುಪಾತ 2.5. ದೋಷ 10ರಿಂದ 25, ಅಲ್ಲಿಂದ 62, ಆಮೇಲೆ 156 ಮಿಲಿಆಂಪಿಯರ್ ಆಗಿ ಪ್ರತಿ ಸೈಕಲ್‌ಗೂ ದಿಕ್ಕು ಬದಲಿಸುತ್ತ ಬೆಳೆಯುತ್ತದೆ. 12 ವೋಲ್ಟ್‌ನಲ್ಲಿ ಅನುಪಾತ 0.71, ದೋಷ ತಾನೇ ಕರಗುತ್ತದೆ. ಎರರ್ ಆಂಪ್ಲಿಫೈಯರ್ ಸುತ್ತಲಿನ ಕೆಪಾಸಿಟರ್ ಬದಲಿಸಿ ಇದನ್ನು ಸರಿಪಡಿಸಲು ಹೋಗಬೇಡಿ. ಹೊರಗಿನ ವೋಲ್ಟೇಜ್ ಲೂಪ್ ಇಲ್ಲದೆಯೂ ಈ ದೋಷ ಬೆಳೆಯುತ್ತದೆ.

ಸ್ಲೋಪ್ ಕಾಂಪೆನ್ಸೇಶನ್ ಇದನ್ನು ಹೇಗೆ ತಡೆಯುತ್ತದೆ?

ಕ್ಲಾಕ್ ಜೊತೆಗೇ ಹುಟ್ಟುವ ಒಂದು ಸ್ಥಿರ ರ‍್ಯಾಂಪನ್ನು ಅಳೆದ ಕರೆಂಟಿಗೆ ಕೂಡಿಸುತ್ತೇವೆ, ಅಥವಾ ನಿಯಂತ್ರಣ ಮಟ್ಟದಿಂದ ಕಳೆಯುತ್ತೇವೆ. ಎರಡೂ ಒಂದೇ. ಆಗ ದೋಷದ ಅನುಪಾತ (ಇಳಿಯುವ ದರ − ರ‍್ಯಾಂಪ್) ÷ (ಏರುವ ದರ + ರ‍್ಯಾಂಪ್) ಆಗುತ್ತದೆ. ರ‍್ಯಾಂಪ್ ಇಳಿಯುವ ದರದ ಅರ್ಧದಷ್ಟಿದ್ದರೆ ಡ್ಯೂಟಿ ಎಷ್ಟೇ ಇರಲಿ ಅನುಪಾತ 1ಕ್ಕಿಂತ ಕೆಳಗೇ ಇರುತ್ತದೆ. ಮಾದರಿ ಸರ್ಕ್ಯೂಟಿನಲ್ಲಿ 7 ವೋಲ್ಟ್‌ಗೆ ಅದು 2.5ರಿಂದ 0.56ಕ್ಕೆ ಇಳಿಯುತ್ತದೆ, ಐದು ಸೈಕಲ್ ಕಳೆಯುವಷ್ಟರಲ್ಲಿ ದೋಷದಲ್ಲಿ ಶೇ. 5ರಷ್ಟು ಮಾತ್ರ ಉಳಿದಿರುತ್ತದೆ. ರ‍್ಯಾಂಪ್ ಇಳಿಯುವ ದರದಷ್ಟೇ ಇದ್ದರೆ ಅನುಪಾತದ ಮೇಲಿನ ಭಾಗ ಸೊನ್ನೆಯಾಗುತ್ತದೆ, ದೋಷ ಒಂದೇ ಸೈಕಲ್‌ನಲ್ಲಿ ಅಳಿಯುತ್ತದೆ.

## ಕರೆಂಟನ್ನು ಎಲ್ಲಿ, ಯಾವುದರಿಂದ ಅಳೆಯುವುದು

ಶಂಟ್ ರೆಸಿಸ್ಟರ್ (ಕರೆಂಟ್ ಅಳೆಯಲು ಅದರ ದಾರಿಯಲ್ಲಿಡುವ ಸಣ್ಣ ರೆಸಿಸ್ಟರ್) ಇಂಡಕ್ಟರ್ ಜೊತೆ ಇಡಲೋ, ಮೇಲಿನ ಮಾಸ್‌ಫೆಟ್ (ಸ್ವಿಚ್) ಜೊತೆ ಇಡಲೋ?

ಇಂಡಕ್ಟರ್‌ನ ಔಟ್‌ಪುಟ್ ಬದಿಗೆ ಇಟ್ಟರೆ ಏರುವ ಮತ್ತು ಇಳಿಯುವ ಕರೆಂಟ್ ಎರಡೂ ಕಾಣುತ್ತವೆ. ರೆಸಿಸ್ಟರಿನ ಎರಡೂ ತುದಿ ಔಟ್‌ಪುಟ್ ವೋಲ್ಟೇಜಿನ ಆಸುಪಾಸಿನಲ್ಲೇ ಶಾಂತವಾಗಿರುತ್ತವೆ. ಕರೆಂಟಿನ ಶಿಖರ, ತಳ, ಸರಾಸರಿ ನೋಡುವ ಪೀಕ್, ವ್ಯಾಲಿ, ಆವರೇಜ್ ಯಾವ ಮೋಡ್‌ಗೂ ಇದು ಹೊಂದುತ್ತದೆ. ನಷ್ಟ ಮಾತ್ರ ಇಡೀ ಸೈಕಲ್‌ಗೆ ಬೀಳುತ್ತದೆ: 15 ಮಿಲಿಓಮ್‌ಗೆ 3 ಆಂಪಿಯರ್‌ನಲ್ಲಿ 0.135 ವಾಟ್, ಅಂದರೆ 15 ವಾಟ್ ಔಟ್‌ಪುಟ್‌ನ ಶೇ. 0.9.

ಮೇಲಿನ ಮಾಸ್‌ಫೆಟ್ ಜೊತೆ ಇಟ್ಟರೆ ನಷ್ಟ ಆನ್ ಸಮಯದಲ್ಲಿ ಮಾತ್ರ. ಸ್ವಿಚ್ ನೋಡ್ (ಸ್ವಿಚ್‌ಗಳೂ ಇಂಡಕ್ಟರೂ ಸೇರುವ ಬಿಂದು) ನೆಲಕ್ಕೆ (ಗ್ರೌಂಡ್‌ಗೆ) ಶಾರ್ಟ್ ಆದರೂ ಅದು ಗೊತ್ತಾಗುತ್ತದೆ. ಆದರೆ ಸಿಗ್ನಲ್ ಇನ್‌ಪುಟ್ ವೋಲ್ಟೇಜಿನ ಮೇಲೆ ಕುಳಿತಿರುತ್ತದೆ, ಆನ್ ಆಗುವ ಕ್ಷಣದ ಸ್ಪೈಕ್ ಎಲ್ಲವೂ ಅದರಲ್ಲೇ ಹರಿಯುತ್ತದೆ, ಮತ್ತು ಆ ರೆಸಿಸ್ಟರ್ ಇನ್‌ಪುಟ್ ಕೆಪಾಸಿಟರ್‌ನ ವೇಗದ ಲೂಪನ್ನು ದೊಡ್ಡದು ಮಾಡುತ್ತದೆ. ಡ್ಯೂಟಿ ಕಡಿಮೆ, ಫ್ರೀಕ್ವೆನ್ಸಿ ಹೆಚ್ಚು ಇರುವ ಕಡೆ ನಾವು ಇದನ್ನು ಆರಿಸುವುದಿಲ್ಲ.

ಶಂಟ್ ಹಾಕದೆ ಮಾಸ್‌ಫೆಟ್‌ನ ಆನ್ ರೆಸಿಸ್ಟೆನ್ಸನ್ನೇ ಬಳಸಬಹುದಲ್ಲ?

ಬಳಸಬಹುದು. ನಷ್ಟವೂ ಇಲ್ಲ, ಭಾಗವೂ ಇಲ್ಲ. ತೊಂದರೆ ಇರುವುದು ಶಾಖದಲ್ಲಿ. ಜಂಕ್ಷನ್ 25ರಿಂದ 125 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಆನ್ ರೆಸಿಸ್ಟೆನ್ಸ್ ಸುಮಾರು ಒಂದೂವರೆ ಪಟ್ಟು ಆಗುತ್ತದೆ. ಕಂಪ್ಯಾರೇಟರ್ ಮಿತಿ 75 ಮಿಲಿವೋಲ್ಟ್, ಮಾಸ್‌ಫೆಟ್ 15 ಮಿಲಿಓಮ್ ಎಂದಾದರೆ ತಣ್ಣಗಿರುವಾಗ 5 ಆಂಪಿಯರ್‌ಗೆ ಕತ್ತರಿಸುವ ಸರ್ಕ್ಯೂಟ್ ಬಿಸಿಯಾದಾಗ 3.3ಕ್ಕೇ ಕತ್ತರಿಸುತ್ತದೆ. ವೋಲ್ಟೇಜ್ ನಿಯಂತ್ರಣಕ್ಕೆ ಇದರಿಂದ ಹೆಚ್ಚು ಧಕ್ಕೆಯಿಲ್ಲ, ಹೊರಗಿನ ಲೂಪ್ ಸರಿದೂಗಿಸುತ್ತದೆ. ಪೆಟ್ಟು ಬೀಳುವುದು ಕರೆಂಟ್ ಮಿತಿಗೆ. ಹಾಗಾಗಿ ಪೂರ್ಣ ಲೋಡ್ ಸಿಗುತ್ತದೆಯೇ ಎಂದು ಬಿಸಿಯ ಗರಿಷ್ಠ ರೆಸಿಸ್ಟೆನ್ಸ್ ಹಾಕಿ ನೋಡಿ. ಇಂಡಕ್ಟರ್ ಸ್ಯಾಚುರೇಟ್ ಆಗುತ್ತದೆಯೇ (ಕರೆಂಟ್ ಹೆಚ್ಚಿ ಇಂಡಕ್ಟೆನ್ಸ್ ಕುಸಿಯುತ್ತದೆಯೇ) ಎಂದು ತಂಪಿನ ಕನಿಷ್ಠ ರೆಸಿಸ್ಟೆನ್ಸ್ ಹಾಕಿ ನೋಡಿ.

ಡಿಸಿಆರ್ (ಇಂಡಕ್ಟರ್ ಸುರುಳಿಯದೇ ಡಿಸಿ ರೆಸಿಸ್ಟೆನ್ಸ್) ಸೆನ್ಸಿಂಗ್‌ಗೆ ರೆಸಿಸ್ಟರ್, ಕೆಪಾಸಿಟರ್ ಬೆಲೆ ಹೇಗೆ ಹಿಡಿಯುವುದು?

ಇಂಡಕ್ಟರ್‌ಗೆ ಸಮಾನಾಂತರವಾಗಿ ಒಂದು ರೆಸಿಸ್ಟರ್ ಮತ್ತು ಒಂದು ಕೆಪಾಸಿಟರನ್ನು ಸರಣಿಯಲ್ಲಿ ಇಡುತ್ತೇವೆ. ರೆಸಿಸ್ಟೆನ್ಸ್ × ಕೆಪಾಸಿಟೆನ್ಸ್ = ಇಂಡಕ್ಟೆನ್ಸ್ ÷ ಡಿಸಿಆರ್ ಆಗಿದ್ದರೆ ಕೆಪಾಸಿಟರಿನ ಮೇಲಿನ ವೋಲ್ಟೇಜ್ ಇಂಡಕ್ಟರ್ ಕರೆಂಟಿನ ತದ್ರೂಪು. 6.8 ಮೈಕ್ರೋಹೆನ್ರಿ, 20 ಮಿಲಿಓಮ್ ಡಿಸಿಆರ್ ಎಂದರೆ 340 ಮೈಕ್ರೋಸೆಕೆಂಡ್. 100 ನ್ಯಾನೋಫ್ಯಾರಡ್ ಜೊತೆ 3.4 ಕಿಲೋಓಮ್ ಸರಿಹೊಂದುತ್ತದೆ. 12 ವೋಲ್ಟ್ ಇನ್‌ಪುಟ್‌ನಲ್ಲಿ ಆ ರೆಸಿಸ್ಟರ್ ಸುಡುವುದು 10 ಮಿಲಿವಾಟ್ ಮಾತ್ರ.

ಈ ಕಾಲಾವಧಿ (ರೆಸಿಸ್ಟೆನ್ಸ್ × ಕೆಪಾಸಿಟೆನ್ಸ್) ಅಗತ್ಯಕ್ಕಿಂತ ಕಡಿಮೆಯಾದರೆ ರಿಪಲ್ (ಸೈಕಲ್‌ನೊಳಗಿನ ಕರೆಂಟ್ ಏರಿಳಿತ) ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಲೋಡ್ ಜಿಗಿದಾಗ ಕರೆಂಟ್ ಮಿತಿ ಸುಮ್ಮಸುಮ್ಮನೆ ತಾಗುತ್ತದೆ. ಹೆಚ್ಚಾದರೆ ರಿಪಲ್ ಕುಗ್ಗಿ ಕಾಣುತ್ತದೆ, ಮಿತಿ ತಡವಾಗಿ ಎಚ್ಚೆತ್ತುಕೊಳ್ಳುತ್ತದೆ. ರೆಸಿಸ್ಟರನ್ನು ಹತ್ತಾರು ಕಿಲೋಓಮ್‌ಗೆ ಏರಿಸಬೇಡಿ: ಸೆನ್ಸ್ ಪಿನ್ 1 ಮೈಕ್ರೋಆಂಪಿಯರ್ ಎಳೆದರೂ 3.4 ಕಿಲೋಓಮ್‌ನಲ್ಲಿ 3.4 ಮಿಲಿವೋಲ್ಟ್ ದೋಷ, 60 ಮಿಲಿವೋಲ್ಟ್ ಸಿಗ್ನಲ್‌ಗೆ ಅದು ಸಣ್ಣದಲ್ಲ. ತಾಮ್ರದ ರೆಸಿಸ್ಟೆನ್ಸ್ ಡಿಗ್ರಿಗೆ ಶೇ. 0.39ರಷ್ಟು ಏರುತ್ತದೆ, ಇಂಡಕ್ಟರ್ 60 ಡಿಗ್ರಿ ಬಿಸಿಯಾದರೆ ಓದು ಶೇ. 23 ಹೆಚ್ಚು. ಮಿತಿ ನಿಖರವಾಗಿರಬೇಕಾದರೆ ಇಂಡಕ್ಟರ್‌ಗೆ ತಾಗಿದಂತೆ ಎನ್‌ಟಿಸಿ ಥರ್ಮಿಸ್ಟರ್ (ಬಿಸಿಯಾದಂತೆ ರೆಸಿಸ್ಟೆನ್ಸ್ ಇಳಿಯುವ ಭಾಗ) ಇಡಿ.

ಡಿಸಿಆರ್ ಸೆನ್ಸಿಂಗ್ ಇದ್ದೂ ಮಾಸ್‌ಫೆಟ್ ಸುಟ್ಟಿತು. ಕರೆಂಟ್ ಮಿತಿ ಯಾಕೆ ಕಾಪಾಡಲಿಲ್ಲ?

ಇಂಡಕ್ಟರ್ ಸ್ಯಾಚುರೇಟ್ ಆಗಿರುವ ಸಾಧ್ಯತೆ ಹೆಚ್ಚು. ಈ ವಿಧಾನ ಕರೆಂಟನ್ನು ನೇರವಾಗಿ ಅಳೆಯುವುದಿಲ್ಲ. ಇಂಡಕ್ಟರ್ ಮೇಲಿನ ವೋಲ್ಟೇಜನ್ನು ಕೂಡಿಸಿ, ಇಂಡಕ್ಟೆನ್ಸ್ ಸ್ಥಿರ ಎಂದು ನಂಬಿ ಅಂದಾಜು ಮಾಡುತ್ತದೆ. ಕೋರ್ ಸ್ಯಾಚುರೇಟ್ ಆಗಿ ಇಂಡಕ್ಟೆನ್ಸ್ ಕುಸಿದಾಗ ನಿಜವಾದ ಕರೆಂಟ್ ಚಿಮ್ಮುತ್ತದೆ, ಕೆಪಾಸಿಟರಿನ ಮೇಲಿನ ವೋಲ್ಟೇಜ್ ಮಾತ್ರ ಹಳೆಯ ದರದಲ್ಲೇ ಏರುತ್ತಿರುತ್ತದೆ. ಫೆರೈಟ್ ಕೋರ್ ಥಟ್ಟನೆ ಸ್ಯಾಚುರೇಟ್ ಆಗುವುದರಿಂದ ಅಲ್ಲಿ ಅಪಾಯ ಹೆಚ್ಚು. ಕಬ್ಬಿಣದ ಪುಡಿಯಿಂದ ಅಚ್ಚೊತ್ತಿದ ಇಂಡಕ್ಟರ್‌ಗಳಲ್ಲಿ ಇಂಡಕ್ಟೆನ್ಸ್ ನಿಧಾನವಾಗಿ ಇಳಿಯುತ್ತದೆ. ಬಿಸಿಯಾದಾಗಿನ ಸ್ಯಾಚುರೇಶನ್ ಕರೆಂಟ್, ಎಲ್ಲ ಟಾಲರೆನ್ಸ್ ಸೇರಿಸಿದ ಗರಿಷ್ಠ ಮಿತಿಗಿಂತ ಮೇಲಿರಲೇಬೇಕು. ಶಂಟ್ ಆಗಿದ್ದರೆ ಆ ಚಿಮ್ಮುವಿಕೆ ಅದಕ್ಕೆ ಕಾಣುತ್ತಿತ್ತು.

ಹಾಲ್ ಸೆನ್ಸರ್ ಅಥವಾ ಕರೆಂಟ್ ಟ್ರಾನ್ಸ್‌ಫಾರ್ಮರ್ ಬಳಸಿದರೆ?

ಸಾಮಾನ್ಯ ಹಾಲ್ ಸೆನ್ಸರ್ ಐಸಿಗಳ ಬ್ಯಾಂಡ್‌ವಿಡ್ತ್ ನೂರಾರು ಕಿಲೋಹರ್ಟ್ಸ್ ಮಟ್ಟದ್ದು. 500 ಕಿಲೋಹರ್ಟ್ಸ್ ತ್ರಿಕೋನ ಅಲೆಯ ಪೀಕ್ ಹಿಡಿಯಲು ಅವು ನಿಧಾನ. ಸರಾಸರಿ ಲೋಡ್ ಕರೆಂಟ್ ನೋಡಲು ಸರಿ. ಕರೆಂಟ್ ಟ್ರಾನ್ಸ್‌ಫಾರ್ಮರ್ ಡಿಸಿ ದಾಟಿಸದು, ಹಾಗಾಗಿ ಸ್ವಿಚ್ ಕರೆಂಟಿಗೆ ಮಾತ್ರ ಬಳಸಬಹುದು. ಆಫ್ ಸಮಯದಲ್ಲಿ ಅದರ ಕೋರ್ ರೀಸೆಟ್ ಆಗಬೇಕು. ಡ್ಯೂಟಿ ಶೇ. 90ರ ಹತ್ತಿರ ಹೋಗುವ ಬಕ್‌ನಲ್ಲಿ ಅದಕ್ಕೆ ಸಮಯವೇ ಸಿಗುವುದಿಲ್ಲ.

ಸೆನ್ಸ್ ಟ್ರ್ಯಾಕ್‌ಗಳನ್ನು ಬೋರ್ಡ್ ಮೇಲೆ ಹೇಗೆ ಎಳೆಯಬೇಕು?

ಎರಡು ತೆಳು ಟ್ರ್ಯಾಕ್‌ಗಳು ಶಂಟ್ ಪ್ಯಾಡ್‌ಗಳ ಒಳ ಅಂಚಿನಿಂದ ಹೊರಡಬೇಕು, ದಪ್ಪ ತಾಮ್ರದ ಹಾಸಿನಿಂದ ಅಲ್ಲ. 35 ಮೈಕ್ರಾನ್ ತಾಮ್ರದ ಒಂದು ಚೌಕಕ್ಕೆ ಸುಮಾರು 0.5 ಮಿಲಿಓಮ್. ಸೆನ್ಸ್ ಬಿಂದು ಒಂದು ಚೌಕ ಆಚೆ ಹೋದರೂ 15 ಮಿಲಿಓಮ್ ಶಂಟ್‌ಗೆ ಶೇ. 3.3 ದೋಷ ಸೇರುತ್ತದೆ, ಅದೂ ಶಾಖದ ಜೊತೆ ಏರುವ ದೋಷ. ಎರಡೂ ಟ್ರ್ಯಾಕ್‌ಗಳನ್ನು ಅಕ್ಕಪಕ್ಕ ಒಟ್ಟಿಗೇ ಒಯ್ಯಿರಿ, ಸ್ವಿಚ್ ನೋಡ್ ಮತ್ತು ಗೇಟ್ ಟ್ರ್ಯಾಕ್‌ಗಳಿಂದ ದೂರವಿಡಿ, ನಡುವೆ ನೆಲದ ಪದರ ಇರಲಿ. ಫಿಲ್ಟರ್ ಕೆಪಾಸಿಟರ್ ಐಸಿಯ ಪಿನ್‌ಗೆ ಅಂಟಿಕೊಂಡಂತೆ ಇರಬೇಕು, ಶಂಟ್ ಪಕ್ಕದಲ್ಲಲ್ಲ. ಡಿಸಿಆರ್ ಸೆನ್ಸಿಂಗ್‌ನಲ್ಲಿ ಸ್ವಿಚ್ ನೋಡ್‌ನಿಂದ ಬರುವ ರೆಸಿಸ್ಟರನ್ನು ಇಂಡಕ್ಟರ್ ಪಕ್ಕದಲ್ಲೇ ಇಟ್ಟರೆ ಗದ್ದಲದ ಟ್ರ್ಯಾಕ್ ಉದ್ದವಾಗುವುದಿಲ್ಲ.

ಶಂಟ್ ಮೇಲಿನ ಅಲೆ ತ್ರಿಕೋನವಾಗಿಲ್ಲ, ಮೆಟ್ಟಿಲು ಹತ್ತಿ ಇಳಿದಂತಿದೆ. ಸ್ಕೋಪ್ ಪ್ರೋಬಿನ ತಪ್ಪೇ?

ಪ್ರೋಬಿನ ಉದ್ದ ನೆಲದ ತಂತಿಯೂ ಕಾರಣವಿರಬಹುದು. ಅದನ್ನು ಚಿಕ್ಕ ಸ್ಪ್ರಿಂಗ್‌ಗೆ ಬದಲಿಸಿ ನೋಡಿ. ಮೆಟ್ಟಿಲು ಉಳಿದರೆ ಅದು ಶಂಟಿನದೇ ಇಂಡಕ್ಟೆನ್ಸ್. 2 ನ್ಯಾನೋಹೆನ್ರಿ ಇದ್ದರೆ ಸಾಕು, 12 ವೋಲ್ಟ್ ಇನ್‌ಪುಟ್‌ನಲ್ಲಿ 2 ನ್ಯಾನೋಹೆನ್ರಿ × 12 ÷ 6.8 ಮೈಕ್ರೋಹೆನ್ರಿ = 3.5 ಮಿಲಿವೋಲ್ಟ್ ಜಿಗಿತ ಬರುತ್ತದೆ. 15 ಮಿಲಿಓಮ್ ಶಂಟಿನಲ್ಲಿ ಅದು 0.23 ಆಂಪಿಯರ್‌ಗೆ ಸಮ. ಶಂಟಿನ ಇಂಡಕ್ಟೆನ್ಸ್ ÷ ರೆಸಿಸ್ಟೆನ್ಸ್ ಇಲ್ಲಿ 133 ನ್ಯಾನೋಸೆಕೆಂಡ್. ಹೆಚ್ಚುಕಡಿಮೆ ಅಷ್ಟೇ ಕಾಲಾವಧಿಯ ಫಿಲ್ಟರ್, ಅಂದರೆ 100 ಓಮ್ ಮತ್ತು 1.2 ನ್ಯಾನೋಫ್ಯಾರಡ್, ಹಾಕಿದರೆ ಮೆಟ್ಟಿಲು ಅಳಿದು ತ್ರಿಕೋನ ಮರಳುತ್ತದೆ. ಇದು ಸಿಗ್ನಲ್ಲನ್ನು ತಡಮಾಡುವ ಫಿಲ್ಟರ್ ಅಲ್ಲ, ತಪ್ಪನ್ನು ಸರಿಯಾಗಿ ರದ್ದುಮಾಡುವ ಫಿಲ್ಟರ್. ಕಡಿಮೆ ಓಮ್‌ನ ಶಂಟ್‌ಗಳಲ್ಲಿ ಮೆಟ್ಟಿಲಿನ ಪಾಲು ಇನ್ನೂ ದೊಡ್ಡದು. ಅಗಲ ಬದಿಯಲ್ಲಿ ಟರ್ಮಿನಲ್ ಇರುವ ಶಂಟ್‌ಗಳ ಇಂಡಕ್ಟೆನ್ಸ್ ಕಡಿಮೆ.

## ಸ್ಪೈಕ್, ಬ್ಲಾಂಕಿಂಗ್, ಕನಿಷ್ಠ ಆನ್ ಸಮಯ

ಸ್ವಿಚ್ ಆನ್ ಆದ ಕ್ಷಣದ ಸ್ಪೈಕ್ ಎಲ್ಲಿಂದ ಬರುತ್ತದೆ? ಅದನ್ನು ಹೇಗೆ ದಾಟುವುದು?

ಮೂರು ಕಡೆಯಿಂದ ಬರುತ್ತದೆ: ಕೆಳಗಿನ ಡಯೋಡ್ ಅಥವಾ ಮಾಸ್‌ಫೆಟ್‌ನ ಬಾಡಿ ಡಯೋಡಿನ ರಿವರ್ಸ್ ರಿಕವರಿ (ಆಫ್ ಆಗುವಾಗ ಕ್ಷಣಕಾಲ ಹಿಮ್ಮುಖವಾಗಿ ಹರಿಯುವ ಕರೆಂಟ್), ಸ್ವಿಚ್ ನೋಡ್ ಕೆಪಾಸಿಟೆನ್ಸ್ ತುಂಬುವ ಕರೆಂಟ್, ಮತ್ತು ಶಂಟ್ ಮೂಲಕವೇ ಮರಳುವ ಗೇಟ್ ಕರೆಂಟ್. ಸ್ವಿಚ್ ಕರೆಂಟನ್ನು ಅಳೆಯುವಾಗ ಇದು ನಿಜವಾದ ಪೀಕ್‌ಗಿಂತ ಎತ್ತರವಿರಬಹುದು. ಕಂಪ್ಯಾರೇಟರ್ ಆಗ ಪಲ್ಸನ್ನು ಹುಟ್ಟುವಾಗಲೇ ಕತ್ತರಿಸುತ್ತದೆ.

ಐಸಿಗಳು ಸಾಮಾನ್ಯವಾಗಿ ಮೊದಲ ನೂರು ನ್ಯಾನೋಸೆಕೆಂಡಿನ ಆಸುಪಾಸು ಕಂಪ್ಯಾರೇಟರ್ ಕಣ್ಣು ಮುಚ್ಚಿಸುತ್ತವೆ, ಇದೇ ಬ್ಲಾಂಕಿಂಗ್. ಅದಿಲ್ಲದ ಐಸಿಗೆ 100 ಓಮ್, 470 ಪೈಕೋಫ್ಯಾರಡ್ (47 ನ್ಯಾನೋಸೆಕೆಂಡ್) ಫಿಲ್ಟರ್‌ನಿಂದ ಆರಂಭಿಸಿ. ಫಿಲ್ಟರನ್ನು ಕೊಬ್ಬಿಸುತ್ತ ಹೋದರೆ ಸ್ಪೈಕ್ ಜೊತೆಗೆ ಏರುವ ದರವೂ ಮಸುಕಾಗುತ್ತದೆ, ಕತ್ತರಿಸುವುದು ತಡವಾಗುತ್ತದೆ. ಅದಕ್ಕಿಂತ ಮೊದಲು ಮೇಲಿನ ಗೇಟ್‌ಗೆ ಕೆಲವು ಓಮ್ ಸೇರಿಸಿ, ಇನ್‌ಪುಟ್ ಸೆರಾಮಿಕ್ ಕೆಪಾಸಿಟರನ್ನು ಮಾಸ್‌ಫೆಟ್‌ಗಳ ಹತ್ತಿರಕ್ಕೆ ತನ್ನಿ. ಸ್ಪೈಕನ್ನು ಹುಟ್ಟಿದಲ್ಲೇ ಕುಗ್ಗಿಸುವುದು ಫಿಲ್ಟರಿಗಿಂತ ಯಾವಾಗಲೂ ಮೇಲು.

12 ವೋಲ್ಟ್‌ನಿಂದ 1 ವೋಲ್ಟ್ ಮಾಡುವಾಗ ಪಲ್ಸ್‌ಗಳು ತಪ್ಪಿಹೋಗುತ್ತವೆ. ಇದೂ ಸಬ್‌ಹಾರ್ಮೋನಿಕ್ಕೇ?

ಅಲ್ಲ. 1 ಮೆಗಾಹರ್ಟ್ಸ್‌ನಲ್ಲಿ ಇದಕ್ಕೆ ಬೇಕಾದ ಆನ್ ಸಮಯ 83 ನ್ಯಾನೋಸೆಕೆಂಡ್. ಬ್ಲಾಂಕಿಂಗ್, ಕಂಪ್ಯಾರೇಟರ್, ಗೇಟ್ ಡ್ರೈವರ್ ತಡಗಳು ಸೇರಿ ಐಸಿಯ ಕನಿಷ್ಠ ಆನ್ ಸಮಯ 100 ನ್ಯಾನೋಸೆಕೆಂಡ್ ಎಂದರೆ ಅದು ಅಗತ್ಯಕ್ಕಿಂತ ಹೆಚ್ಚು ಶಕ್ತಿ ತಳ್ಳಿ, ಆಮೇಲೆ ಒಂದು ಪಲ್ಸ್ ಬಿಟ್ಟು ಸರಿತೂಗಿಸುತ್ತದೆ. ರ‍್ಯಾಂಪ್ ಹೆಚ್ಚಿಸಿದರೂ ಇದು ಹೋಗದು. ಫ್ರೀಕ್ವೆನ್ಸಿ ಇಳಿಸಿ, ಇಲ್ಲವೇ ವ್ಯಾಲಿ ಮೋಡ್ ಅಥವಾ ಕಾನ್‌ಸ್ಟಂಟ್ ಆನ್-ಟೈಮ್ (ಆನ್ ಸಮಯ ಸ್ಥಿರವಾಗಿರುವ) ಐಸಿಗೆ ಹೋಗಿ.

ಔಟ್‌ಪುಟ್ ಶಾರ್ಟ್ ಆದಾಗ ಕರೆಂಟ್ ಮಿತಿ ಇದ್ದರೂ ಕರೆಂಟ್ ಏರುತ್ತಲೇ ಹೋಗುತ್ತದೆ. ಹೇಗೆ ಸಾಧ್ಯ?

ಕನಿಷ್ಠ ಆನ್ ಸಮಯವೇ ಇದರ ಮೂಲ. ಶಾರ್ಟ್ ಆದಾಗ ಔಟ್‌ಪುಟ್ ವೋಲ್ಟೇಜ್ ಸೊನ್ನೆ, ಕರೆಂಟನ್ನು ಇಳಿಸಲು ಉಳಿದಿರುವುದು ದಾರಿಯ ರೆಸಿಸ್ಟೆನ್ಸ್ ಮಾತ್ರ. ಮಿತಿ ಮೀರಿದ್ದರೂ ಪ್ರತಿ ಕ್ಲಾಕ್‌ಗೂ 150 ನ್ಯಾನೋಸೆಕೆಂಡ್ ಕಾಲ 12 ವೋಲ್ಟ್ ಬಿದ್ದೇ ಬೀಳುತ್ತದೆ. ಮಾಸ್‌ಫೆಟ್ 10, ಇಂಡಕ್ಟರ್ 20, ಶಂಟ್ 15, ಒಟ್ಟು 45 ಮಿಲಿಓಮ್ ಎಂದುಕೊಂಡರೆ 4 ಆಂಪಿಯರ್‌ನಲ್ಲಿ ಸೈಕಲ್‌ಗೆ ಸುಮಾರು 0.2 ಆಂಪಿಯರ್ ನಿವ್ವಳ ಏರಿಕೆ. ಇದು ಸಮತೋಲಕ್ಕೆ ಬರುವುದು 20 ಆಂಪಿಯರ್‌ನಲ್ಲಿ; ಇಂಡಕ್ಟರ್ ಅಷ್ಟರೊಳಗೆ ಸ್ಯಾಚುರೇಟ್ ಆಗಿರುತ್ತದೆ.

ಪರಿಹಾರ, ಔಟ್‌ಪುಟ್ ಕುಸಿದಾಗ ಫ್ರೀಕ್ವೆನ್ಸಿಯನ್ನೂ ಇಳಿಸುವುದು. ಎಂಟನೇ ಒಂದಕ್ಕೆ ಇಳಿಸಿದರೆ ಸಮತೋಲ ಬಿಂದು 2.5 ಆಂಪಿಯರ್‌ಗೆ ಬರುತ್ತದೆ, ಮಿತಿಗೆ ಮತ್ತೆ ಹಿಡಿತ ಸಿಗುತ್ತದೆ. ಸ್ವಲ್ಪ ಹೊತ್ತು ನಿಂತು ಮತ್ತೆ ಯತ್ನಿಸುವ ಹಿಕಪ್ ಮೋಡ್ ಅಥವಾ ಕೆಳಗಿನ ಸ್ವಿಚ್‌ನಲ್ಲೂ ವ್ಯಾಲಿ ಮಿತಿ ಇರುವ ಐಸಿ ಕೂಡ ಸರಿ. ಶಾರ್ಟ್ ಪರೀಕ್ಷೆಯನ್ನು ಗರಿಷ್ಠ ಇನ್‌ಪುಟ್‌ನಲ್ಲೇ ಮಾಡಿ.

## ರ‍್ಯಾಂಪ್ ಎಷ್ಟು, ಹೇಗೆ

ಕೆಲವರು ಇಳಿಯುವ ದರದ ಅರ್ಧ ಸಾಕು ಎನ್ನುತ್ತಾರೆ, ಕೆಲವರು ಪೂರ್ತಿ ಎನ್ನುತ್ತಾರೆ. ಯಾವುದು ಸರಿ?

ಅರ್ಧ ಎಂಬುದು ಆಂದೋಲನ ಬೆಳೆಯದಂತೆ ತಡೆಯುವ ಸೈದ್ಧಾಂತಿಕ ಗಡಿ. ಅದಕ್ಕೆ ಒಂದು ಸೊಗಸೂ ಇದೆ: ಬಕ್‌ನಲ್ಲಿ ಅರ್ಧ ರ‍್ಯಾಂಪ್ ಇದ್ದರೆ ಸರಾಸರಿ ಇಂಡಕ್ಟರ್ ಕರೆಂಟ್ ಡ್ಯೂಟಿಯನ್ನು ಅವಲಂಬಿಸುವುದಿಲ್ಲ, ಇನ್‌ಪುಟ್ ಏರಿಳಿತ ಔಟ್‌ಪುಟ್‌ಗೆ ಬಹುಮಟ್ಟಿಗೆ ತಲುಪುವುದೇ ಇಲ್ಲ. ಆದರೆ ಗಡಿಯ ಹತ್ತಿರ ಸ್ವಿಚಿಂಗ್ ಫ್ರೀಕ್ವೆನ್ಸಿಯ ಅರ್ಧದಲ್ಲಿ ಚೂಪಾದ ಅನುರಣನ ಉಳಿದಿರುತ್ತದೆ.

ರೇ ರಿಡ್ಲಿ 1990ರ ಸುಮಾರಿಗೆ ಕೊಟ್ಟ ಮಾದರಿ ಇದನ್ನು ಅಂಕಿಯಲ್ಲಿ ಹೇಳುತ್ತದೆ. (ಏರುವ ದರ + ರ‍್ಯಾಂಪ್) ÷ ಏರುವ ದರ ಎಷ್ಟೆಂದು ನೋಡಿ, (1 − ಡ್ಯೂಟಿ)ಯಿಂದ ಗುಣಿಸಿ, 0.5 ಕಳೆಯಿರಿ, 3.14ರಿಂದ ಗುಣಿಸಿ, 1ನ್ನು ಇದರಿಂದ ಭಾಗಿಸಿದರೆ ಆ ಅನುರಣನದ ಕ್ಯೂ (ಎಷ್ಟು ಚೂಪು ಎಂಬುದರ ಅಳತೆ) ಸಿಗುತ್ತದೆ. 7 ವೋಲ್ಟ್ ಇನ್‌ಪುಟ್‌ನಲ್ಲಿ ಅರ್ಧ ರ‍್ಯಾಂಪ್‌ಗೆ ಕ್ಯೂ 2.2, ಮುಕ್ಕಾಲಿಗೆ ಸುಮಾರು 1, ಪೂರ್ತಿಗೆ 0.64. ಪೂರ್ತಿ ರ‍್ಯಾಂಪ್ ಇದ್ದರೆ ಇನ್‌ಪುಟ್ ಎಷ್ಟಿದ್ದರೂ ಕ್ಯೂ 0.64ರಲ್ಲೇ ನಿಲ್ಲುತ್ತದೆ.

ನಮ್ಮ ಸಲಹೆ: ಡ್ಯೂಟಿ ಶೇ. 50 ದಾಟುವ ಸಾಧ್ಯತೆ ಇದ್ದರೆ ಮುಕ್ಕಾಲರಿಂದ ಪೂರ್ತಿಯ ನಡುವೆ ಇಡಿ. ಇಂಡಕ್ಟರಿಗೆ ಶೇ. 20 ಟಾಲರೆನ್ಸ್ ಸಾಮಾನ್ಯ, ಕರೆಂಟ್ ಹೆಚ್ಚಿದಂತೆ ಇಂಡಕ್ಟೆನ್ಸ್ ಇನ್ನಷ್ಟು ಇಳಿಯುತ್ತದೆ, ಆಗ ಇಳಿಯುವ ದರ ಏರುತ್ತದೆ. ಹಾಳೆಯ ಮೇಲಿನ ಅರ್ಧ, ಬೋರ್ಡಿನ ಮೇಲೆ ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ.

ಡೇಟಾಶೀಟ್‌ನ 75 ಮಿಲಿವೋಲ್ಟ್ ಕಂಪ್ಯಾರೇಟರ್ ಮಿತಿಯನ್ನು ಪೀಕ್ ಕರೆಂಟಿನಿಂದ ಭಾಗಿಸಿ ಶಂಟ್ ಹಾಕಿದೆ. ಪೂರ್ಣ ಲೋಡ್ ಬರುತ್ತಿಲ್ಲ, ಯಾಕೆ?

ರ‍್ಯಾಂಪ್ ಕೂಡ ಅದೇ 75 ಮಿಲಿವೋಲ್ಟ್‌ನಲ್ಲೇ ಪಾಲು ಕೇಳುತ್ತದೆ. ಈ ಒಂದು ಸಂಗತಿ ಮರೆತುಹೋಗುವುದರಿಂದ ಕೆಡುವ ವಿನ್ಯಾಸಗಳೇ ಹೆಚ್ಚು, ಆದ್ದರಿಂದ ಬಿಡಿಸಿ ನೋಡೋಣ.

12 ವೋಲ್ಟ್‌ನಲ್ಲಿ ರಿಪಲ್ 0.86 ಆಂಪಿಯರ್, ಪೀಕ್ 3.43. 7 ವೋಲ್ಟ್‌ನಲ್ಲಿ ರಿಪಲ್ 0.42, ಪೀಕ್ 3.21. 75ನ್ನು 3.43ರಿಂದ ಭಾಗಿಸಿ, ಸ್ವಲ್ಪ ಅಂತರ ಬಿಟ್ಟು 20 ಮಿಲಿಓಮ್ ಹಾಕಿದಿರಿ ಎನ್ನಿ. ಪೂರ್ತಿ ರ‍್ಯಾಂಪ್ ಎಂದರೆ ಮೈಕ್ರೋಸೆಕೆಂಡಿಗೆ 0.735 × 20 = 14.7 ಮಿಲಿವೋಲ್ಟ್. 7 ವೋಲ್ಟ್‌ನಲ್ಲಿ ಆನ್ ಸಮಯ 1.43 ಮೈಕ್ರೋಸೆಕೆಂಡ್, ಅಷ್ಟರಲ್ಲಿ ರ‍್ಯಾಂಪ್ 21 ಮಿಲಿವೋಲ್ಟ್ ನುಂಗಿರುತ್ತದೆ. ಉಳಿದ 54ನ್ನು 20ರಿಂದ ಭಾಗಿಸಿದರೆ 2.7 ಆಂಪಿಯರ್. ಬೇಕಿದ್ದದ್ದು 3.21. 12 ವೋಲ್ಟ್‌ನಲ್ಲೂ 3.14 ಸಿಗುತ್ತದೆ, 3.43 ಅಲ್ಲ.

15 ಮಿಲಿಓಮ್‌ಗೆ ಇಳಿಸಿ. ರ‍್ಯಾಂಪ್ ಈಗ ಮೈಕ್ರೋಸೆಕೆಂಡಿಗೆ 11 ಮಿಲಿವೋಲ್ಟ್. 7 ವೋಲ್ಟ್‌ನಲ್ಲಿ ಮಿತಿ 3.95, 12 ವೋಲ್ಟ್‌ನಲ್ಲಿ 4.39 ಆಂಪಿಯರ್, ಎರಡೂ ಕಡೆ ಶೇ. 20ಕ್ಕಿಂತ ಹೆಚ್ಚು ಅಂತರ. ಶಂಟ್ ಅರ್ಧ ವಾಟ್, ಶೇ. 1ರದ್ದಾಗಿರಲಿ. ಇಂಡಕ್ಟರ್ ಕನಿಷ್ಠ 5.5 ಆಂಪಿಯರ್‌ವರೆಗೆ ಸ್ಯಾಚುರೇಟ್ ಆಗಬಾರದು. ಕೆಲವು ಐಸಿಗಳು ರ‍್ಯಾಂಪ್‌ನ ಪಾಲನ್ನು ಮಿತಿಗೆ ಮರಳಿ ಸೇರಿಸಿಕೊಳ್ಳುತ್ತವೆ. ಡೇಟಾಶೀಟ್‌ನಲ್ಲಿ ಡ್ಯೂಟಿಗೆ ಎದುರಾಗಿ ಕರೆಂಟ್ ಮಿತಿಯ ಗ್ರಾಫ್ ಸಮತಟ್ಟಾಗಿದ್ದರೆ ನಿಮ್ಮ ಐಸಿ ಅಂಥದ್ದು.

ರ‍್ಯಾಂಪ್ ಐಸಿಯ ಒಳಗೇ ಇದೆ, ಬದಲಿಸಲಾಗದು. ನಾನೇನು ನೋಡಬೇಕು?

ಇಂಡಕ್ಟರನ್ನು. ರ‍್ಯಾಂಪ್ ಸ್ಥಿರವಾಗಿದ್ದರೆ ಇಂಡಕ್ಟೆನ್ಸ್‌ಗೆ ಒಂದು ಕೆಳಮಿತಿ ಹುಟ್ಟುತ್ತದೆ. ಒಳಗಿನ ರ‍್ಯಾಂಪ್ ಮೈಕ್ರೋಸೆಕೆಂಡಿಗೆ 0.5 ಆಂಪಿಯರ್‌ಗೆ ಸಮ ಎಂದುಕೊಳ್ಳಿ. ಅದು ಇಳಿಯುವ ದರದ ಅರ್ಧವಾದರೂ ಇರಬೇಕೆಂದರೆ ಇಳಿಯುವ ದರ 1 ದಾಟಬಾರದು. 5 ವೋಲ್ಟ್ ಔಟ್‌ಪುಟ್‌ಗೆ ಕನಿಷ್ಠ 5 ಮೈಕ್ರೋಹೆನ್ರಿ, ಟಾಲರೆನ್ಸ್ ಸೇರಿಸಿದರೆ 6.8. ಅದೇ ಬೋರ್ಡಿನಲ್ಲಿ ಫೀಡ್‌ಬ್ಯಾಕ್ ರೆಸಿಸ್ಟರ್ ಮಾತ್ರ ಬದಲಿಸಿ ಔಟ್‌ಪುಟ್ 12 ವೋಲ್ಟ್ ಮಾಡಿದರೆ (ಇನ್‌ಪುಟ್ ಅದಕ್ಕಿಂತ ಮೇಲಿದೆ ಎಂದುಕೊಂಡು) ಕೆಳಮಿತಿ 12 ಮೈಕ್ರೋಹೆನ್ರಿಗೆ ಜಿಗಿಯುತ್ತದೆ. 5 ವೋಲ್ಟ್‌ಗೆ ಶಾಂತವಾಗಿದ್ದ ಬೋರ್ಡ್ 12ಕ್ಕೆ ಆಂದೋಲಿಸುವುದು ಹೀಗೆ.

ಹೊರಗಿನಿಂದ ರ‍್ಯಾಂಪ್ ಸೇರಿಸುವುದು ಹೇಗೆ?

ಆಸಿಲೇಟರ್ ಕೆಪಾಸಿಟರಿನ ಹಲ್ಲಲೆ (ಗರಗಸದ ಹಲ್ಲಿನಂತೆ ಏರಿ ಬೀಳುವ ಅಲೆ) ಹೊರಗೆ ಸಿಗುವ ಐಸಿಯಾದರೆ ಅದನ್ನು ಒಂದು ಎನ್‌ಪಿಎನ್ ಎಮಿಟರ್ ಫಾಲೋವರ್ ಮೂಲಕ ತೆಗೆದು ಸೆನ್ಸ್ ಪಿನ್‌ಗೆ ರೆಸಿಸ್ಟರ್‌ನಿಂದ ಕೊಡಿ. ಶಂಟ್ ಮತ್ತು ಪಿನ್ ನಡುವೆ 1 ಕಿಲೋಓಮ್ ಇರಲಿ. ಹಲ್ಲಲೆ 2 ಮೈಕ್ರೋಸೆಕೆಂಡಿನಲ್ಲಿ 1 ವೋಲ್ಟ್ ಏರುತ್ತದೆ ಎಂದರೆ ಮೈಕ್ರೋಸೆಕೆಂಡಿಗೆ 500 ಮಿಲಿವೋಲ್ಟ್. ನಮಗೆ ಬೇಕಾದ್ದು 11. 43 ಕಿಲೋಓಮ್ ಹಾಕಿದರೆ 500 ÷ 44 = 11.4 ಮಿಲಿವೋಲ್ಟ್.

ಫಾಲೋವರ್ ಬಿಟ್ಟು ನೇರ ರೆಸಿಸ್ಟರ್ ಹಾಕಿದರೆ ಆಸಿಲೇಟರ್ ಮೇಲೆ ಹೊರೆ ಬಿದ್ದು ಫ್ರೀಕ್ವೆನ್ಸಿ ಸರಿಯುತ್ತದೆ. ಹಲ್ಲಲೆಯ ತಳದಲ್ಲಿರುವ ಡಿಸಿ ಮಟ್ಟವೂ ಸೆನ್ಸ್ ಪಿನ್‌ಗೆ ಬಂದು ಕರೆಂಟ್ ಮಿತಿಯನ್ನು ತಿನ್ನುತ್ತದೆ. ಕೆಪಾಸಿಟರ್ ಹಾಕಿ ಡಿಸಿ ತಡೆಯಬಹುದು, ಆದರೆ ಆಗ ರ‍್ಯಾಂಪ್ ಸೈಕಲ್‌ನ ಆರಂಭದಲ್ಲಿ ಸೊನ್ನೆಗಿಂತ ಕೆಳಗಿನಿಂದ ಹೊರಡುತ್ತದೆ, ಮಿತಿ ಸ್ವಲ್ಪ ಮೇಲೇರುತ್ತದೆ. ಎರಡರಲ್ಲಿ ಯಾವುದನ್ನು ಆರಿಸಿದರೂ ಮಿತಿಯ ಲೆಕ್ಕವನ್ನು ಮತ್ತೆ ಮಾಡಿ.

ರ‍್ಯಾಂಪ್ ಜಾಸ್ತಿಯಾದರೆ ನಷ್ಟವೇನು? ಸುರಕ್ಷಿತವಾಗಿರಲಿ ಎಂದು ದುಪ್ಪಟ್ಟು ಹಾಕಬಹುದೇ?

ಬೇಡ. ರ‍್ಯಾಂಪ್ ಕರೆಂಟ್ ಸಿಗ್ನಲ್ಲನ್ನು ಮುಳುಗಿಸಿದಷ್ಟೂ ಕನ್ವರ್ಟರ್ ವೋಲ್ಟೇಜ್ ಮೋಡ್ ಕಡೆಗೆ ಜಾರುತ್ತದೆ. ಬಿಟ್ಟು ಬಂದಿದ್ದ ಜೋಡಿ ಪೋಲ್ ಮರಳಿ ಬರುತ್ತದೆ, ಟೈಪ್-2 ಕಾಂಪೆನ್ಸೇಟರ್‌ಗೆ ಫೇಸ್ ಮಾರ್ಜಿನ್ ಸಾಲದಾಗುತ್ತದೆ. ಲೋಡ್ ಜಿಗಿದಾಗ ಔಟ್‌ಪುಟ್ ನಿಧಾನವಾಗಿ ತೂಗಾಡುವುದು ಇದರ ಗುರುತು. ಕರೆಂಟ್ ಮಿತಿಯೂ ಡ್ಯೂಟಿಯ ಜೊತೆ ಹೆಚ್ಚು ಹೆಚ್ಚು ಬದಲಾಗುತ್ತದೆ. ಇಂಡಕ್ಟೆನ್ಸ್ ಬಹಳ ದೊಡ್ಡದಾಗಿ ಆರಿಸಿ ರಿಪಲ್ ಶೇ. 10ಕ್ಕೆ ಇಳಿಸಿದಾಗಲೂ, ಒಳಗಿನ ರ‍್ಯಾಂಪ್ ಸ್ಥಿರವಾಗಿರುವ ಐಸಿಯಲ್ಲಿ, ಇದೇ ಆಗುತ್ತದೆ. ಪೂರ್ಣ ಲೋಡಿನ ಶೇ. 25ರಿಂದ 40ರ ರಿಪಲ್ ಒಳ್ಳೆಯ ಜಾಗ.

## ಬೆಂಚಿನ ಮೇಲೆ, ಮತ್ತು ಮುಂದಿನ ಆಯ್ಕೆಗಳು

ಸ್ವಿಚ್ ನೋಡ್ ಅಲುಗಾಡುತ್ತಿದೆ. ಇದು ಗದ್ದಲವೋ, ಸಬ್‌ಹಾರ್ಮೋನಿಕ್ಕೋ, ಲೂಪ್ ಅಸ್ಥಿರತೆಯೋ?

ಸ್ಕೋಪನ್ನು ಸ್ವಿಚ್ ನೋಡ್‌ನ ಏರು ಅಂಚಿಗೆ ಟ್ರಿಗರ್ ಮಾಡಿ, ಪರ್ಸಿಸ್ಟೆನ್ಸ್ ಹಾಕಿ, ಇಳಿ ಅಂಚನ್ನು ನೋಡಿ. ಎರಡು ಸ್ಪಷ್ಟ ಗೆರೆಗಳಾಗಿ ಒಡೆದಿದ್ದರೆ ಸಬ್‌ಹಾರ್ಮೋನಿಕ್. ಮಸುಕಾದ ಒಂದೇ ಪಟ್ಟಿಯಾಗಿದ್ದರೆ ಗದ್ದಲ. ಕೆಲವು ಕಿಲೋಹರ್ಟ್ಸ್‌ನಿಂದ ಹತ್ತಾರು ಕಿಲೋಹರ್ಟ್ಸ್‌ವರೆಗಿನ ವೇಗದಲ್ಲಿ ಅಂಚು ಹಿಂದೆಮುಂದೆ ಉಸಿರಾಡುತ್ತಿದ್ದರೆ, ಔಟ್‌ಪುಟ್‌ನಲ್ಲೂ ಅದೇ ಅಲೆ ಇದ್ದರೆ, ಹೊರಗಿನ ಲೂಪ್.

ಆಮೇಲೆ ಇನ್‌ಪುಟ್ ವೋಲ್ಟೇಜನ್ನು ನಿಧಾನವಾಗಿ ಏರಿಸಿ. ಡ್ಯೂಟಿ ಅರ್ಧಕ್ಕಿಂತ ಕೆಳಗೆ ಬರುತ್ತಿದ್ದಂತೆ ಎರಡು ಗೆರೆ ಒಂದಾದರೆ ರ‍್ಯಾಂಪ್ ಸಾಲದೆಂದೇ ಅರ್ಥ. ಇಂಡಕ್ಟರ್ ಕರೆಂಟ್ ನೇರವಾಗಿ ನೋಡಬೇಕಾದರೆ ಅದರ ಔಟ್‌ಪುಟ್ ಬದಿಯನ್ನು ಎತ್ತಿ, ಚಿಕ್ಕ ತಂತಿ ಕುಣಿಕೆ ಬೆಸೆದು ಕರೆಂಟ್ ಪ್ರೋಬ್ ಹಾಕಿ. ಸ್ವಿಚ್ ನೋಡ್ ಬದಿಯಲ್ಲಿ ಕುಣಿಕೆ ಬೇಡ. ಅಲ್ಲಿ ಅದು ಆಂಟೆನಾ ಆಗುತ್ತದೆ, ಪ್ರೋಬಿಗೂ ಗದ್ದಲ ಹಿಡಿಯುತ್ತದೆ.

ನನ್ನ ಡ್ಯೂಟಿ ಶೇ. 40 ದಾಟುವುದೇ ಇಲ್ಲ. ಆದರೂ ಪಲ್ಸ್ ಒಡೆಯುತ್ತಿದೆಯಲ್ಲ?

ಶೇ. 50 ಎಂಬುದು ಹೊರಗಿನ ಲೂಪ್ ತೆರೆದಿರುವಾಗಿನ ಗಡಿ. ರ‍್ಯಾಂಪ್ ಇಲ್ಲದೆ ಶೇ. 40ರಲ್ಲಿ ಕ್ಯೂ 3.2, ಶೇ. 30ರಲ್ಲೂ 1.6. ಅಂದರೆ ಸ್ವಿಚಿಂಗ್ ಫ್ರೀಕ್ವೆನ್ಸಿಯ ಅರ್ಧದಲ್ಲಿ ಲೂಪ್ ಗೇನ್ ಗುಡ್ಡದಂತೆ ಎದ್ದಿರುತ್ತದೆ. ಕ್ರಾಸ್‌ಓವರನ್ನು (ಲೂಪ್ ಗೇನ್ 0 ಡೆಸಿಬೆಲ್‌ಗೆ ಇಳಿಯುವ ಫ್ರೀಕ್ವೆನ್ಸಿಯನ್ನು) ಮೇಲಕ್ಕೆ ತಳ್ಳಿದ್ದರೆ ಆ ಶಿಖರ ಮತ್ತೆ 0 ಡೆಸಿಬೆಲ್ ದಾಟುತ್ತದೆ, ಕನ್ವರ್ಟರ್ ಅಲ್ಲಿ ಆಂದೋಲಿಸುತ್ತದೆ. ಸ್ವಲ್ಪ ರ‍್ಯಾಂಪ್ ಸೇರಿಸಿ, ಕ್ರಾಸ್‌ಓವರನ್ನು ಸ್ವಿಚಿಂಗ್ ಫ್ರೀಕ್ವೆನ್ಸಿಯ ಹತ್ತನೇ ಒಂದರ ಆಸುಪಾಸಿಗೆ ಇಳಿಸಿ. ಕಾಂಪೆನ್ಸೇಶನ್ ಪಿನ್‌ನಿಂದ ನೆಲಕ್ಕೆ ಇರುವ ಚಿಕ್ಕ ಕೆಪಾಸಿಟರ್ ಬಿಟ್ಟುಹೋಗಿದೆಯೇ ನೋಡಿ. ಅದಿಲ್ಲದಿದ್ದರೆ ಔಟ್‌ಪುಟ್ ರಿಪಲ್ ನೇರವಾಗಿ ಕಂಪ್ಯಾರೇಟರ್ ತಲುಪುತ್ತದೆ.

ಸಿಮ್ಯುಲೇಶನ್‌ನಲ್ಲಿ ಆಂದೋಲನ ಕಾಣುತ್ತಲೇ ಇಲ್ಲ, ಬೋರ್ಡಿನಲ್ಲಿ ಮಾತ್ರ ಬರುತ್ತದೆ.

ಸರಳ ಆವರೇಜ್ ಮಾದರಿಯಲ್ಲಿ ಸ್ವಿಚಿಂಗೇ ಇರುವುದಿಲ್ಲ, ಹಾಗಾಗಿ ಅರ್ಧ ಫ್ರೀಕ್ವೆನ್ಸಿಯ ವಿದ್ಯಮಾನವೂ ಇರುವುದಿಲ್ಲ. ಸ್ವಿಚಿಂಗ್ ಮಾದರಿ ಬಳಸಿ, ಸಮಯದ ಹೆಜ್ಜೆಯನ್ನು 10 ನ್ಯಾನೋಸೆಕೆಂಡ್‌ಗೆ ಮಿತಿಗೊಳಿಸಿ, ಕನಿಷ್ಠ ಇನ್‌ಪುಟ್ ಕೊಡಿ, ಇಂಡಕ್ಟೆನ್ಸನ್ನು ಶೇ. 30 ಇಳಿಸಿ, ಲೋಡನ್ನು ಒಮ್ಮೆ ಜಿಗಿಸಿ. ಸ್ಥಿರ ಸ್ಥಿತಿಯಲ್ಲೇ ಕುಳಿತ ಸಿಮ್ಯುಲೇಶನ್‌ಗೆ ಕದಡುವ ಕಾರಣ ಸಿಕ್ಕಿರುವುದಿಲ್ಲ.

ಈ ರ‍್ಯಾಂಪ್ ತಲೆನೋವೇ ಬೇಡ ಎಂದರೆ ಬೇರೆ ದಾರಿ ಇದೆಯೇ?

ವ್ಯಾಲಿ ಕರೆಂಟ್ ಮೋಡ್‌ನಲ್ಲಿ ಸಮಸ್ಯೆ ತಿರುಗಿ ನಿಲ್ಲುತ್ತದೆ: ಡ್ಯೂಟಿ ಶೇ. 50ಕ್ಕಿಂತ ಕಡಿಮೆಯಾದಾಗ ರ‍್ಯಾಂಪ್ ಬೇಕು, ಅದನ್ನು ಏರುವ ದರಕ್ಕೆ ಹೋಲಿಸಿ ಲೆಕ್ಕ ಹಾಕಬೇಕು. ಆದರೆ ಅಳೆಯುವುದು ಆಫ್ ಸಮಯದಲ್ಲಿ, ಹಾಗಾಗಿ ಕಿರಿದಾದ ಆನ್ ಪಲ್ಸ್‌ಗೆ ತೊಂದರೆಯಿಲ್ಲ. ಎಮ್ಯುಲೇಟೆಡ್ ಕರೆಂಟ್ ಮೋಡ್ ವ್ಯಾಲಿಯಲ್ಲಿ ಒಂದು ಸ್ಯಾಂಪಲ್ ಹಿಡಿದು ಅದರ ಮೇಲೆ ಕೃತಕ ಏರಿಕೆಯನ್ನು ಕೂರಿಸುತ್ತದೆ. 48 ವೋಲ್ಟ್‌ನಿಂದ 3.3 ವೋಲ್ಟ್‌ನಂಥ ಕಡೆ ಇದು ಚೆನ್ನ. ರ‍್ಯಾಂಪ್ ಬೇಡವೇ ಬೇಡ ಎಂದರೆ ಕರೆಂಟ್ ಮೋಡ್ ಕಾನ್‌ಸ್ಟಂಟ್ ಆನ್-ಟೈಮ್: ಕ್ಲಾಕ್ ಇಲ್ಲ, ಸೈಕಲ್ ಉದ್ದ ಸ್ಥಿರವಲ್ಲ, ಆದ್ದರಿಂದ ದೋಷ ಒಂದು ಸೈಕಲ್‌ನಿಂದ ಇನ್ನೊಂದಕ್ಕೆ ಬೆಳೆದು ಸಾಗುವುದಿಲ್ಲ. ಫ್ರೀಕ್ವೆನ್ಸಿ ಲೋಡ್ ಜಿಗಿತದ ವೇಳೆ ಅಲ್ಲಾಡುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ರೇಡಿಯೋ ಅಥವಾ ಸೂಕ್ಷ್ಮ ಅನಲಾಗ್ ಸರ್ಕ್ಯೂಟ್ ಪಕ್ಕದಲ್ಲಿದ್ದು ಫ್ರೀಕ್ವೆನ್ಸಿ ಕದಲಬಾರದು ಎಂದಾದರೆ ಕ್ಲಾಕ್ ಇರುವ ಪೀಕ್ ಮೋಡ್‌ನಲ್ಲೇ ಉಳಿದು, ಶಂಟ್, ಇಂಡಕ್ಟರ್, ರ‍್ಯಾಂಪ್ ಮೂರನ್ನೂ ಒಂದೇ ಹಾಳೆಯಲ್ಲಿ ಕನಿಷ್ಠ ಇನ್‌ಪುಟ್‌ಗೂ ಗರಿಷ್ಠ ಇನ್‌ಪುಟ್‌ಗೂ ಲೆಕ್ಕ ಹಾಕಿ.